ಯಾರೂ ಬರುವುದಿಲ್ಲವೆಂದು ಕಟ್ಟಿದ ಉಪಗ್ರಹಗಳು



1982ರ ಏಪ್ರಿಲ್ 10ರಂದು ಅಮೆರಿಕದ ಫ್ಲಾರಿಡಾದಿಂದ ಇನ್ಸಾಟ್-1ಎ ಮೇಲೇರಿತು. ಆ ಸರಣಿಯ ಉಪಗ್ರಹಗಳನ್ನು ನೋಡಿಕೊಳ್ಳಲೆಂದೇ ನಿಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ತಲೆಯೆತ್ತಿದ್ದು. ಏಳು ವರ್ಷ ದುಡಿಯಬೇಕಿದ್ದ ಉಪಗ್ರಹ ಅದು. ಮೇಲೆ ಹೋದ ಮೇಲೆ ಬಿಚ್ಚಿಕೊಳ್ಳಬೇಕಾದ ಅಂಗಗಳು ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಸಂಪರ್ಕ ಹಾಗೂ ಹೀಗೂ ನಡೆಯುತ್ತಿದ್ದಾಗ ಭೂಮಿಯತ್ತ ಮುಖ ಮಾಡಿ ನಿಲ್ಲುವ ಹಿಡಿತವೇ ತಪ್ಪಿತು, ದಿಕ್ಕು ಸರಿಪಡಿಸುವ ಇಂಧನವೆಲ್ಲ ಖರ್ಚಾಯಿತು. ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಡಬೇಕಾಯಿತು. ಹಾಸನದ ನಿಯಂತ್ರಣ ಕೇಂದ್ರ ತನ್ನ ಕೆಲಸ ಶುರು ಮಾಡಿದ ವರ್ಷವೇ ಕಂಡ ನಷ್ಟ ಅದು.

ಇವತ್ತಿನ ನನ್ನ ವಿಷಯ ಕಕ್ಷೆಯಲ್ಲೇ ಉಪಗ್ರಹಗಳಿಗೆ ಇಂಧನ ತುಂಬುವ, ಅವುಗಳನ್ನು ದುರಸ್ತಿ ಮಾಡುವ ರೋಬಾಟ್‌ಗಳು. ಹಾಸನದಲ್ಲಿ ಈ ಮಾತನ್ನು ಆಡಬೇಕೆಂದು ನನಗೆ ತುಂಬ ದಿನಗಳಿಂದ ಆಸೆಯಿತ್ತು. ಏಕೆಂದರೆ ಉಪಗ್ರಹಕ್ಕೆ ವಯಸ್ಸಾಗುವುದು ಎಂದರೇನು ಎಂಬುದನ್ನು ದಿನವೂ ಪರದೆಯ ಮೇಲೆ ನೋಡುವವರು ಈ ಊರಿನಲ್ಲಿದ್ದಾರೆ.

ಭೂಸ್ಥಿರ ಕಕ್ಷೆಯ ಎತ್ತರ 35,786 ಕಿಲೋಮೀಟರ್. ಅಲ್ಲಿಗೆ ಸೇರಿಸಿದರೆ ಉಪಗ್ರಹ ನಮ್ಮ ನೆತ್ತಿಯ ಮೇಲೆ ಒಂದೇ ಕಡೆ ನಿಂತಿರುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಅದು ತಾನಾಗಿ ನಿಲ್ಲುವುದಿಲ್ಲ, ನಿಲ್ಲಿಸಬೇಕು. ಸೂರ್ಯ ಮತ್ತು ಚಂದ್ರ ಎಳೆದು ಎಳೆದು ಅದರ ಕಕ್ಷೆಯನ್ನು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿಯಷ್ಟು ವಾಲಿಸುತ್ತವೆ. ಅದನ್ನು ನೇರ ಮಾಡಲು ಉಪಗ್ರಹದ ಪುಟ್ಟ ಎಂಜಿನ್‌ಗಳು ವರ್ಷಕ್ಕೆ ಸೆಕೆಂಡಿಗೆ ಸುಮಾರು 50 ಮೀಟರ್‌ನಷ್ಟು ವೇಗ ಬದಲಾವಣೆಯನ್ನು ಕೊಡಬೇಕು. ಹನ್ನೆರಡು, ಹದಿನೈದು ವರ್ಷ ಹೀಗೇ ನಡೆಯುತ್ತದೆ. ಕೊನೆಗೆ ಟ್ರಾನ್ಸ್‌ಪಾಂಡರ್‌ಗಳು ಚೆನ್ನಾಗಿರುತ್ತವೆ, ಸೌರಫಲಕಗಳು ವಿದ್ಯುತ್ತು ಕೊಡುತ್ತಲೇ ಇರುತ್ತವೆ, ಟ್ಯಾಂಕ್ ಮಾತ್ರ ಬರಿದಾಗುತ್ತ ಬರುತ್ತದೆ. ಉಳಿದ ಕೆಲವು ಕಿಲೋ ಇಂಧನದಲ್ಲಿ ಅದನ್ನು ಸುಮಾರು 300 ಕಿಲೋಮೀಟರ್ ಮೇಲಕ್ಕೆ, ಸ್ಮಶಾನ ಕಕ್ಷೆಗೆ, ತಳ್ಳಿ ಸ್ವಿಚ್ ಆಫ್ ಮಾಡುತ್ತಾರೆ. ತೂಕವಿಲ್ಲದ ಕಡೆ ದ್ರವ ತಳದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಿ ಹೇಳಲೂ ಆಗದು. ಇಷ್ಟು ವರ್ಷ ಎಷ್ಟು ಸುಟ್ಟೆವು ಎಂಬ ಲೆಕ್ಕದಿಂದ, ಒತ್ತಡ ಮತ್ತು ಉಷ್ಣತೆಯ ಅಳತೆಯಿಂದ ಅಂದಾಜು ಕಟ್ಟಬೇಕು. ಅಂದಾಜಿನಲ್ಲಿ ತಪ್ಪಬಾರದೆಂದು ಒಂದಷ್ಟು ತಿಂಗಳು ಮುಂಚೆಯೇ ನಿವೃತ್ತಿ ಕೊಡುವುದೂ ಉಂಟು. ಆರೋಗ್ಯವಾಗಿರುವ ಯಂತ್ರವನ್ನು ಇಂಧನವಿಲ್ಲವೆಂಬ ಒಂದೇ ಕಾರಣಕ್ಕೆ ಹೂಳುವ ಈ ಪದ್ಧತಿಯನ್ನು ಇಷ್ಟು ವರ್ಷ ಸಹಜವೆಂದು ಒಪ್ಪಿಕೊಂಡೇ ಬಂದಿದ್ದೇವೆ.

ಹಾಗಿದ್ದರೆ ಒಂದು ರೋಬಾಟ್ ಕಳುಹಿಸಿ ತುಂಬಿಸಬಾರದೇಕೆ? ಉತ್ತರವನ್ನು ಎಲ್ಲರೂ ರೋಬಾಟಿನಲ್ಲಿ ಹುಡುಕುತ್ತಾರೆ. ನಾನು ಉಪಗ್ರಹದಲ್ಲಿ ಹುಡುಕುತ್ತೇನೆ. ಅದನ್ನು ಕಟ್ಟಿದವರು, ಇದರ ಬಳಿಗೆ ಇನ್ನೆಂದೂ ಯಾರೂ ಬರುವುದಿಲ್ಲ ಎಂದೇ ಕಟ್ಟಿದ್ದಾರೆ. ರೋಬಾಟಿಗೆ ಎದುರಾಗುವ ಕಷ್ಟಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲಿಂದ.

1984ರ ಏಪ್ರಿಲ್‌ನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸೋಲಾರ್ ಮ್ಯಾಕ್ಸ್ ಎಂಬುದು ಸೂರ್ಯನನ್ನು ನೋಡಲು ನಾಸಾ 1980ರಲ್ಲಿ ಹಾರಿಸಿದ ಉಪಗ್ರಹ. ವರ್ಷ ತುಂಬುವ ಮೊದಲೇ ಫ್ಯೂಸ್‌ಗಳು ಹೋಗಿ ಅದರ ದಿಕ್ಕು ಹಿಡಿಯುವ ವ್ಯವಸ್ಥೆ ಕೆಟ್ಟಿತು. ಅದನ್ನು ಸರಿ ಮಾಡಲು ಚಾಲೆಂಜರ್ ನೌಕೆ ಹೋಯಿತು. ಗಗನಯಾತ್ರಿ ಜಾರ್ಜ್ ನೆಲ್ಸನ್ ಬೆನ್ನಿಗೆ ಜೆಟ್ ಕಟ್ಟಿಕೊಂಡು ತೇಲುತ್ತ ಹೋಗಿ, ಎದೆಯ ಮುಂದಿದ್ದ ಕೊಂಡಿಯನ್ನು ಉಪಗ್ರಹದ ಗೂಟಕ್ಕೆ ಒತ್ತಿದರು. ಹಿಡಿಯಲಿಲ್ಲ. ಮತ್ತೆ ಒತ್ತಿದರು, ಆಗಲೂ ಹಿಡಿಯಲಿಲ್ಲ. ಶಾಖ ತಡೆಯುವ ಹೊದಿಕೆಯನ್ನು ಬಿಗಿಹಿಡಿದಿದ್ದ ಒಂದು ಚಿಕ್ಕ ಗುಬುಟು ಗೂಟದ ಪಕ್ಕದಲ್ಲೇ ಇತ್ತು, ಕೊಂಡಿ ಪೂರ್ತಿ ಒಳಹೋಗದಂತೆ ಅದು ತಡೆಯುತ್ತಿತ್ತು. ಕೊನೆಗೆ ನೆಲ್ಸನ್ ಸೌರಫಲಕವನ್ನೇ ಕೈಯಲ್ಲಿ ಹಿಡಿದರು. ಉಪಗ್ರಹ ಇನ್ನಷ್ಟು ಉರುಳತೊಡಗಿತು, ಬ್ಯಾಟರಿ ಇಳಿಯತೊಡಗಿತು. ಗಾಡರ್ಡ್ ಕೇಂದ್ರದವರು ರಾತ್ರಿಯೆಲ್ಲ ಕೂತು, ಭೂಮಿಯ ಕಾಂತಕ್ಷೇತ್ರಕ್ಕೆ ಒರಗಿಸಿ ಅದನ್ನು ನಿಧಾನಕ್ಕೆ ಶಾಂತಗೊಳಿಸಿದರು. ಆಮೇಲೆ ಟೆರ್ರಿ ಹಾರ್ಟ್ ನೌಕೆಯೊಳಗಿಂದ ಕೆನಡಾದ ಯಾಂತ್ರಿಕ ತೋಳಿನಲ್ಲಿ ಅದನ್ನು ಹಿಡಿದರು.

ಹಿಡಿದ ಮೇಲೆ ಎರಡು ಕೆಲಸಗಳಿದ್ದವು. ಕೆಟ್ಟಿದ್ದ, ದಿಕ್ಕು ಹಿಡಿಯುವ ಭಾಗವನ್ನು ಮೊದಲಿನಿಂದಲೂ ಕಳಚಿ ಬದಲಿಸುವಂತೆಯೇ ರಚಿಸಲಾಗಿತ್ತು. ಗಾಡರ್ಡ್‌ನ ಫ್ರ್ಯಾಂಕ್ ಸೆಪೊಲಿನಾ ಎಂಬ ಎಂಜಿನಿಯರ್ ಹಠ ಹಿಡಿದು ಹಾಗೆ ಮಾಡಿಸಿದ್ದರು. ಆ ಭಾಗ ಸಲೀಸಾಗಿ ಬಂತು, ಹೊಸದು ಸಲೀಸಾಗಿ ಕೂತಿತು. ಇನ್ನೊಂದು, ಸೂರ್ಯನ ಕಿರೀಟ ನೋಡುವ ಉಪಕರಣದ ಎಲೆಕ್ಟ್ರಾನಿಕ್ಸ್ ಪೆಟ್ಟಿಗೆ. ಅದನ್ನು ಮೇಲೆ ಹೋಗಿ ಯಾರಾದರೂ ಮುಟ್ಟುತ್ತಾರೆಂದು ಯಾರೂ ಎಣಿಸಿರಲಿಲ್ಲ. ಹೊದಿಕೆ ಕತ್ತರಿಸಿ, ಸಣ್ಣ ಸಣ್ಣ ತಿರುಪು ಬಿಚ್ಚಿ, ದಪ್ಪ ಕೈಗವಸಿನಲ್ಲಿ ಕನೆಕ್ಟರ್‌ಗಳನ್ನು ಒಂದೊಂದಾಗಿ ಕಳಚಬೇಕಾಯಿತು. ಒಂದೇ ಉಪಗ್ರಹದಲ್ಲಿ, ಒಂದೇ ದಿನ, ಮುಂದಾಲೋಚನೆ ಇದ್ದ ಭಾಗ ಮತ್ತು ಇಲ್ಲದ ಭಾಗ ಎರಡನ್ನೂ ಜಗತ್ತು ನೋಡಿತು. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಆ ಒಂದು ದಿನದಲ್ಲಿದೆ ಎಂದೇ ನನ್ನ ಭಾವನೆ.

ಹಬಲ್ ದೂರದರ್ಶಕದ ಕಥೆ ನಿಮಗೆಲ್ಲ ಗೊತ್ತು. 1993ರಿಂದ 2009ರವರೆಗೆ ಐದು ಸಲ ಗಗನಯಾತ್ರಿಗಳು ಹೋಗಿ ಅದಕ್ಕೆ ಜೀವ ತುಂಬಿದರು. 2003ರಲ್ಲಿ ಕೊಲಂಬಿಯಾ ದುರಂತದಲ್ಲಿ ಕಲ್ಪನಾ ಚಾವ್ಲಾ ಮತ್ತು ಅವರ ಆರು ಸಂಗಾತಿಗಳನ್ನು ಕಳೆದುಕೊಂಡ ಮೇಲೆ, ದುರಸ್ತಿಗಾಗಿ ಮತ್ತೆ ಮನುಷ್ಯರನ್ನು ಕಳುಹಿಸಲು ನಾಸಾ ಹಿಂಜರಿಯಿತು. ರೋಬಾಟ್ ಕಳುಹಿಸೋಣವೇ ಎಂಬ ಪ್ರಶ್ನೆ ಗಂಭೀರವಾಗಿ ಎದ್ದದ್ದು ಆಗಲೇ. ಅಧ್ಯಯನ ನಡೆಯಿತು, ಸಾಧ್ಯವಾಗದೆಂದು ಕೈಬಿಟ್ಟರು, 2009ರಲ್ಲಿ ಮನುಷ್ಯರೇ ಹೋದರು. ಆ ಯಾತ್ರೆಯಲ್ಲಿ ಒಂದು ಉಪಕರಣದ ಮುಚ್ಚಳಕ್ಕೆ 111 ತಿರುಪುಗಳಿದ್ದವು. ಅದಕ್ಕೂ ಮುಂಚೆ ಅಡ್ಡವಾಗಿದ್ದ ಒಂದು ಹಿಡಿಕೆಯನ್ನು ತೆಗೆಯಬೇಕಿತ್ತು. ಅದರ ಒಂದು ಬೋಲ್ಟಿನ ತಲೆ ಸವೆದುಹೋಗಿ ಯಾವ ಉಪಕರಣಕ್ಕೂ ಬಗ್ಗಲಿಲ್ಲ. ನೆಲದ ಮೇಲೆ ಎಂಜಿನಿಯರ್‌ಗಳು ಅಂಥದೇ ಹಿಡಿಕೆಯನ್ನು ಎಳೆದು ನೋಡಿ, ಮುರಿಯಬಹುದು ಎಂದು ಹೇಳಿದ ಮೇಲೆ, ಮೈಕ್ ಮ್ಯಾಸಿಮಿನೋ ಅದನ್ನು ಕೈಯಿಂದ ಎಳೆದು ಕಿತ್ತರು. ರೋಬಾಟಿನ ತೋಳಿಗೆ ಬಲವೇನೋ ಇರುತ್ತದೆ. ಎಷ್ಟು ಎಳೆದರೆ ಸಾಕು, ಎಲ್ಲಿ ನಿಲ್ಲಿಸಬೇಕು ಎಂಬ ಹದ ಅದಕ್ಕೆ ಇನ್ನೂ ಬರಬೇಕಾಗಿದೆ.

ಈಗ ಇಂಧನಕ್ಕೆ ಬರುತ್ತೇನೆ. ಕಕ್ಷೆಯಲ್ಲಿ ಇಂಧನ ತುಂಬುವುದು ಹೊಸದಲ್ಲ. 1978ರಲ್ಲೇ ಸೋವಿಯತ್ ಒಕ್ಕೂಟದ ಪ್ರೋಗ್ರೆಸ್ ನೌಕೆ ಸಲ್ಯೂತ್-6 ನಿಲ್ದಾಣಕ್ಕೆ ಇಂಧನ ತುಂಬಿತ್ತು. ಇಂದಿಗೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಅದೇ ದಾರಿಯಲ್ಲಿ ತುಂಬುತ್ತಾರೆ. ಎರಡೂ ಕಡೆ ಕೊಳವೆಯ ಬಾಯಿಗಳು ಒಂದಕ್ಕೊಂದು ಹೊಂದುವಂತೆ ಮಾಡಿರುವುದರಿಂದ ಅದು ಬಹುಮಟ್ಟಿಗೆ ದಿನಚರಿಯ ಕೆಲಸವಾಗಿದೆ. ಸಾಮಾನ್ಯ ಉಪಗ್ರಹದ ವಿಷಯ ಬೇರೆ. ಅದಕ್ಕೆ ಉಡಾವಣೆಗೆ ಮುಂಚೆ ನೆಲದ ಮೇಲೆ, ರಕ್ಷಣಾ ಉಡುಪು ತೊಟ್ಟವರು ಇಂಧನ ತುಂಬುತ್ತಾರೆ. ಹೈಡ್ರಜೀನ್ ವಿಷ, ಅದರ ಜೊತೆಗಾರ ನೈಟ್ರೋಜನ್ ಟೆಟ್ರಾಕ್ಸೈಡ್ ಕೂಡ ವಿಷವೇ. ತುಂಬಿದ ಮೇಲೆ ವಾಲ್ವಿಗೆ ಮುಚ್ಚಳದ ಮೇಲೆ ಮುಚ್ಚಳ ಬಿಗಿದು, ಅವು ಸಡಿಲವಾಗದಂತೆ ಸಣ್ಣ ತಂತಿ ಸುತ್ತಿ ಹುರಿ ಹಾಕಿ, ಮೇಲೆ ಪದರ ಪದರ ಬಂಗಾರ ಬಣ್ಣದ ಹೊದಿಕೆ ಹೊದಿಸಿ ಅಂಟಿಸುತ್ತಾರೆ. ಸೋರಿಕೆ ಆಗಬಾರದು ಎಂಬುದೊಂದೇ ಆ ಹೊತ್ತಿನ ಚಿಂತೆ.

ಇದನ್ನು ಬಿಚ್ಚುವ ಅಭ್ಯಾಸಕ್ಕೆಂದೇ ನಾಸಾ, ಬಟ್ಟೆ ಒಗೆಯುವ ಯಂತ್ರದ ಗಾತ್ರದ ಒಂದು ಪೆಟ್ಟಿಗೆಯನ್ನು 2011ರ ಜುಲೈನಲ್ಲಿ, ಷಟಲ್‌ನ ಕಟ್ಟಕಡೆಯ ಯಾತ್ರೆಯಲ್ಲಿ, ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿತು. ನಿಲ್ದಾಣದ ಹೊರಗಿದ್ದ ಕೆನಡಾದ ಡೆಕ್ಸ್‌ಟರ್ ರೋಬಾಟನ್ನು ನೆಲದಲ್ಲಿ ಕುಳಿತವರೇ ನಡೆಸಿದರು. ಮೊದಲು ಅರ್ಧ ಮಿಲಿಮೀಟರ್ ದಪ್ಪದ ತಂತಿಯ ಕೆಳಗೆ ಕೊಕ್ಕೆ ತೂರಿಸಿ ಕತ್ತರಿಸಬೇಕು. ಸೂರ್ಯನ ಬೆಳಕು ನೇರ ಬಿದ್ದ ಕಡೆ ಕಣ್ಣು ಕೋರೈಸುವ ಹೊಳಪು, ನೆರಳಿನಲ್ಲಿ ಕಡು ಕತ್ತಲು, ತೊಂಬತ್ತು ನಿಮಿಷಕ್ಕೊಮ್ಮೆ ಹಗಲು ರಾತ್ರಿ ಬದಲು. ಕ್ಯಾಮೆರಾಗೆ ತಂತಿ ಕಂಡರೂ ಅದರ ಹಿಂದೆ ಎಷ್ಟು ಜಾಗವಿದೆ ಎಂಬುದು ಕಾಣುವುದಿಲ್ಲ. ತಂತಿ ತುಂಡಾದ ಮೇಲೆ ಒಂದು ಉಪಕರಣದಿಂದ ಮುಚ್ಚಳ ತಿರುಗಿಸಿ ತೆಗೆಯಬೇಕು. ತೆಗೆದದ್ದು ಕೈತಪ್ಪಿ ತೇಲಿಹೋಗುವಂತಿಲ್ಲ, ಹೋದರೆ ಅದೇ ಗುಂಡಿನಂತೆ ಸುತ್ತತೊಡಗುತ್ತದೆ. ಆಮೇಲೆ ಕೊಳವೆಯ ಮೂತಿ ಕೂಡಿಸಬೇಕು. ಹೀಗೆ ಹಂತ ಹಂತವಾಗಿ ಸಾಗಿ 2013ರ ಜನವರಿಯಲ್ಲಿ ಸುಮಾರು 1.7 ಲೀಟರ್ ಎಥನಾಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಿತು. ಎರಡು ಲೀಟರ್ ಕೂಡ ಅಲ್ಲ. ಆದರೆ ಮುಚ್ಚಿದ್ದನ್ನು ತೆರೆಯಬಹುದು ಎಂದು ತೋರಿಸಿದ್ದು ಅದು, ಆ ತಂಡದ ಸಹನೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಆ ಧೈರ್ಯದ ಮೇಲೆ ಕಟ್ಟಿದ್ದು ಓಸ್ಯಾಮ್-1 ಎಂಬ ಯೋಜನೆ. 1999ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-7 ಉಪಗ್ರಹವನ್ನು ಹಿಡಿದು ಅದಕ್ಕೆ ಇಂಧನ ತುಂಬಬೇಕೆಂಬುದು ಗುರಿ. ಖರ್ಚು ಬೆಳೆಯುತ್ತ ಹೋಯಿತು, ಗಡುವು ಮುಂದೆ ಮುಂದೆ ಹೋಯಿತು. 2024ರ ಮಾರ್ಚ್‌ನಲ್ಲಿ ನಾಸಾ ಯೋಜನೆಯನ್ನು ನಿಲ್ಲಿಸುವುದಾಗಿ ಹೇಳಿತು. ತಾಂತ್ರಿಕ ತೊಡಕು, ವೆಚ್ಚ, ವಿಳಂಬ ಎಂಬ ಕಾರಣಗಳ ಜೊತೆಗೆ ಇನ್ನೊಂದನ್ನೂ ಕೊಟ್ಟಿತು: ಸಿದ್ಧಪಡಿಸದ ಉಪಗ್ರಹಗಳಿಗೆ ಇಂಧನ ತುಂಬುವ ವಿಚಾರದಿಂದಲೇ ಈ ಕ್ಷೇತ್ರ ದೂರ ಸರಿಯುತ್ತಿದೆ. ಈ ಕೊನೆಯ ಕಾರಣವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇಷ್ಟು ವರ್ಷ ದುಡಿದ ಮೇಲೆ ಅಲ್ಲಿನವರು ಒಪ್ಪಿಕೊಂಡದ್ದು, ಬೀಗ ಒಡೆಯುವ ಜಾಣ್ಮೆಗಿಂತ ಬಾಗಿಲು ಇಡುವುದು ಲೇಸು ಎಂಬುದನ್ನು.

ಅಷ್ಟರಲ್ಲಾಗಲೇ ಬೇರೊಂದು ದಾರಿ ಗೆದ್ದಿತ್ತು. ನಾರ್ಥ್ರಾಪ್ ಗ್ರಮನ್ ಕಂಪನಿಯ ಎಂಇವಿ-1 ನೌಕೆ 2019ರ ಅಕ್ಟೋಬರ್‌ನಲ್ಲಿ ಹಾರಿ, 2020ರ ಫೆಬ್ರವರಿ 25ರಂದು ಇಂಟೆಲ್‌ಸ್ಯಾಟ್-901 ಎಂಬ ಸುಮಾರು ಹತ್ತೊಂಬತ್ತು ವರ್ಷದ ಹಳೆಯ ಉಪಗ್ರಹಕ್ಕೆ ಅಂಟಿಕೊಂಡಿತು. ಅಂಟಿಕೊಂಡ ಬಗೆ ನೋಡಿ. ಭೂಸ್ಥಿರ ಕಕ್ಷೆಗೆ ಹೋಗುವ ಬಹುತೇಕ ಉಪಗ್ರಹಗಳ ಒಂದು ಮುಖದಲ್ಲಿ ದೊಡ್ಡ ಎಂಜಿನ್ನಿನ ನಳಿಕೆ ಇರುತ್ತದೆ. ಕಕ್ಷೆ ಸೇರಿದ ಮೇಲೆ ಅದಕ್ಕೆ ಕೆಲಸವಿಲ್ಲ. ಎಂಇವಿ ಒಂದು ಉದ್ದನೆಯ ಸಲಾಕೆಯನ್ನು ಆ ನಳಿಕೆಯೊಳಗೆ ತೂರಿಸಿ, ಕಂಠ ದಾಟಿದ ಮೇಲೆ ತುದಿಯನ್ನು ಅಗಲಿಸಿ, ಹಿಂದಕ್ಕೆ ಎಳೆದು ಬಿಗಿಯಾಗಿ ನಿಂತುಬಿಡುತ್ತದೆ. ಮುಚ್ಚಳ ತೆಗೆಯುವುದಿಲ್ಲ, ಒಂದು ಹನಿ ಇಂಧನವನ್ನೂ ತುಂಬುವುದಿಲ್ಲ. ತನ್ನದೇ ಎಂಜಿನ್‌ಗಳಿಂದ ಹಳೆಯ ಉಪಗ್ರಹವನ್ನು ಹೊತ್ತು ನಡೆಸುತ್ತದೆ. ಮರು ವರ್ಷ ಎಂಇವಿ-2 ಇಂಟೆಲ್‌ಸ್ಯಾಟ್ 10-02ಕ್ಕೆ ಭೂಸ್ಥಿರ ಕಕ್ಷೆಯಲ್ಲೇ, ಅದು ಕೆಲಸ ಮಾಡುತ್ತಿರುವಾಗಲೇ, ಜೋಡಿಯಾಯಿತು. ಐದು ವರ್ಷ ಮುಗಿಸಿ ಎಂಇವಿ-1 ತನ್ನ ಹೊರೆಯನ್ನು ಸ್ಮಶಾನ ಕಕ್ಷೆಯಲ್ಲಿ ಇಳಿಸಿ 2025ರ ಏಪ್ರಿಲ್‌ನಲ್ಲಿ ಬಿಡಿಸಿಕೊಂಡಿತು.

ಇದರಲ್ಲಿ ಅದೃಷ್ಟದ ಪಾಲೂ ಇದೆ. ನಳಿಕೆ ಇಟ್ಟವರು ಹಿಡಿಯಲೆಂದು ಇಟ್ಟದ್ದಲ್ಲ, ಹಿಡಿಯಲು ಒದಗಿತು. ಅದೃಷ್ಟವನ್ನೇ ನೆಚ್ಚಿ ಒಂದು ಉದ್ಯಮ ಬಹುಕಾಲ ನಡೆಯಲಾರದು. ಹೊಸ ಉಪಗ್ರಹಗಳು ವಿದ್ಯುತ್ ನೋದನಕ್ಕೆ ತಿರುಗುತ್ತಿವೆ, ಪೂರ್ತಿ ವಿದ್ಯುತ್ತಿನಿಂದ ನಡೆಯುವವಕ್ಕೆ ಆ ನಳಿಕೆಯೇ ಇರುವುದಿಲ್ಲ.

ರೋಬಾಟಿನ ತೋಳಿನ ಭೌತಶಾಸ್ತ್ರವನ್ನೂ ಒಂದಿಷ್ಟು ಹೇಳಬೇಕು. ಕಾರ್ಖಾನೆಯ ರೋಬಾಟ್ ನೆಲಕ್ಕೆ ಬೋಲ್ಟ್ ಹೊಡೆದು ನಿಂತಿರುತ್ತದೆ, ಆಕಾಶದಲ್ಲಿ ನೆಲವಿಲ್ಲ. ತುಂಗಭದ್ರೆಯಲ್ಲಿ ಹರಿಗೋಲಿನಲ್ಲಿ ಕೂತು ಪಕ್ಕದ ಹರಿಗೋಲಿನವನ ಕೈಯಿಂದ ಚೀಲ ಇಸಿದುಕೊಳ್ಳಲು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಕೈ ಚಾಚಿದರೆ ನಿಮ್ಮ ಹರಿಗೋಲು ತಿರುಗುತ್ತದೆ, ಅವನ ಅಂಚು ಮುಟ್ಟಿದರೆ ಅವನು ದೂರ ಸರಿಯುತ್ತಾನೆ. ತೋಳು ಆಡಿದಾಗೆಲ್ಲ ಅದನ್ನು ಹೊತ್ತ ನೌಕೆ ಎತ್ತ ತಿರುಗುತ್ತದೆಂದು ಮುಂಚಿತವಾಗಿ ಎಣಿಸಿ, ಅಷ್ಟನ್ನು ಅದೇ ಕ್ಷಣ ಸರಿದೂಗಿಸಬೇಕು. ಮೊದಲ ಸ್ಪರ್ಶ ಮೆತ್ತಗಿರಬೇಕು, ಮೆತ್ತಗಿದ್ದೂ ಹಿಡಿತ ಬಿಡಬಾರದು. ಭೂಸ್ಥಿರ ಕಕ್ಷೆಗೆ ಸಂಕೇತ ಹೋಗಿ ಬರಲು ಕಾಲು ಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ ಸ್ಪರ್ಶ ಮುಗಿದೇ ಹೋಗಿರುತ್ತದೆ. ಆದ್ದರಿಂದ ಕೊನೆಯ ಕ್ಷಣಗಳ ತೀರ್ಮಾನ ಯಂತ್ರದ್ದೇ ಆಗಬೇಕು. ಇದನ್ನು ಜಪಾನಿನವರು ಸಾಧಿಸಿ ತೋರಿಸಿದರು. ಅವರು 1997ರಲ್ಲಿ ಹಾರಿಸಿದ ಜೋಡಿ ಉಪಗ್ರಹಗಳಿಗೆ ತಮ್ಮ ಜನಪದ ಕಥೆಯ ವಿರಹಿ ಪ್ರೇಮಿಗಳಾದ ಒರಿಹಿಮೆ, ಹಿಕೊಬೊಶಿ ಎಂಬ ಹೆಸರಿಟ್ಟು, ಆ ಪ್ರೇಮಿಗಳು ವರ್ಷಕ್ಕೊಮ್ಮೆ ಕೂಡುತ್ತಾರೆನ್ನುವ ಜುಲೈ 7ರಂದೇ 1998ರಲ್ಲಿ ಅವನ್ನು ಕೂಡಿಸಿದರು. 2007ರಲ್ಲಿ ಅಮೆರಿಕದ ಆರ್ಬಿಟಲ್ ಎಕ್ಸ್‌ಪ್ರೆಸ್‌ನಲ್ಲಿ ಒಂದು ನೌಕೆ ಇನ್ನೊಂದಕ್ಕೆ ಹೈಡ್ರಜೀನ್ ತುಂಬಿತು, ತೋಳಿನಿಂದ ಬ್ಯಾಟರಿಯನ್ನೂ ಕಂಪ್ಯೂಟರನ್ನೂ ಬದಲಿಸಿತು. ಎರಡನ್ನೂ ಒಂದಕ್ಕೊಂದು ಹೊಂದುವಂತೆ ಕಟ್ಟಿದ್ದರು. ಅಲ್ಲಿ ಎಲ್ಲವೂ ಸಾಧ್ಯವಾದದ್ದು ಅದರಿಂದಲೇ.

ನಮ್ಮ ದೇಶ ಈ ದಾರಿಗೆ ಕಾಲಿಟ್ಟದ್ದು ಸ್ಪೇಡೆಕ್ಸ್‌ನಿಂದ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ರೂಪಿಸಿದ, ತಲಾ 220 ಕಿಲೋ ತೂಗುವ ಎರಡು ಉಪಗ್ರಹಗಳು 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60ರಲ್ಲಿ ಹೋದವು. ಜನವರಿ 7ಕ್ಕೆಂದಿದ್ದ ಜೋಡಣೆ 9ಕ್ಕೆ ಹೋಯಿತು. ಹತ್ತಿರ ಬರುವಾಗ ನಿರೀಕ್ಷೆಗಿಂತ ಹೆಚ್ಚು ಸರಿತ ಕಂಡಿದ್ದರಿಂದ ಮತ್ತೆ ಮುಂದಕ್ಕೆ ಹೋಯಿತು. 12ರಂದು ಮೂರು ಮೀಟರ್‌ವರೆಗೆ ಬಂದು, ನೋಡಿ, ಹಿಂದೆ ಸರಿದರು. ಟೀವಿಯಲ್ಲಿ ಕೆಲವರು ಇದನ್ನು ಹಿನ್ನಡೆ ಎಂದರು. ಮೂರು ಮೀಟರ್ ಹತ್ತಿರ ಹೋಗಿ ವಾಪಸ್ ಬರುವ ಧೈರ್ಯವೇ ಈ ವಿದ್ಯೆಯ ಮುಕ್ಕಾಲು ಪಾಲು ಎಂದು ನಾನು ನಂಬಿದ್ದೇನೆ. ಜನವರಿ 16ರಂದು, ಸೆಕೆಂಡಿಗೆ 10 ಮಿಲಿಮೀಟರ್ ಆಸುಪಾಸಿನ ವೇಗದಲ್ಲಿ, ಎರಡೂ ಸೇರಿದವು. ಮಾರ್ಚ್ 13ರಂದು ಬಿಡಿಸಿದರು, ಏಪ್ರಿಲ್ 20ರಂದು ಮತ್ತೆ ಸೇರಿಸಿದರು, ಬೆನ್ನಿಗೇ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ ಹಾಯಿಸಿದರು. ಪತ್ರಿಕೆಗಳು ಜೋಡಣೆಯನ್ನು ಮುಖಪುಟದಲ್ಲಿ ಕೊಟ್ಟವು, ವಿದ್ಯುತ್ ಹಾಯಿಸಿದ್ದಕ್ಕೆ ಅಷ್ಟು ಜಾಗ ಸಿಗಲಿಲ್ಲ. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡದು, ಏಕೆಂದರೆ ಒಂದು ಉಪಗ್ರಹ ಇನ್ನೊಂದಕ್ಕೆ ಏನನ್ನಾದರೂ ಕೊಡುವ ಕೆಲಸ ನಮ್ಮಲ್ಲಿ ಅಲ್ಲಿಂದ ಮೊದಲಾಯಿತು. ಅದೇ ರಾಕೆಟ್ಟಿನ ಕೊನೆಯ ಹಂತದ ಮೇಲೆ, ತಿರುವನಂತಪುರದ ಇಸ್ರೋ ಘಟಕ ಮಾಡಿದ ಏಳು ಕೀಲುಗಳ ನಡೆಯುವ ತೋಳು ಕೂಡ ಕೆಲಸ ಮಾಡಿತು.

ಅದೇ ಜನವರಿಯ 29ರಂದು ಶ್ರೀಹರಿಕೋಟಾದ ನೂರನೆಯ ಉಡಾವಣೆಯಲ್ಲಿ ಎನ್‌ವಿಎಸ್-02 ಎಂಬ ಪಥದರ್ಶಕ ಉಪಗ್ರಹ ಹೋಯಿತು. ರಾಕೆಟ್ ತನ್ನ ಕೆಲಸ ಸರಿಯಾಗಿ ಮಾಡಿತು. ಕಕ್ಷೆ ಏರಿಸುವ ಎಂಜಿನ್ನಿಗೆ ಆಕ್ಸಿಡೈಸರ್ ಬಿಡುವ ವಾಲ್ವ್ ತೆರೆದುಕೊಳ್ಳಲಿಲ್ಲ. ಟ್ಯಾಂಕ್ ತುಂಬಿತ್ತು, ಪಥ ತೋರಲು ಬೇಕಾದ ಪರಮಾಣು ಗಡಿಯಾರಗಳಿದ್ದವು, ಇರಬೇಕಾದ ಕಕ್ಷೆ ಮಾತ್ರ ಸಿಗಲಿಲ್ಲ. ಇನ್ಸಾಟ್-1ಎ ಇಂಧನವಿಲ್ಲದೆ ಹೋಯಿತು, ಇದು ಇಂಧನವಿದ್ದೂ ಸಿಕ್ಕಿಬಿತ್ತು. ಎಳೆದು ಮೇಲಕ್ಕೆ ಒಯ್ಯುವ ನೌಕೆಯೊಂದು ನಮ್ಮಲ್ಲಿದ್ದಿದ್ದರೆ ಎಂದು ನನಗೆ ಆ ದಿನಗಳಲ್ಲಿ ಮತ್ತೆ ಮತ್ತೆ ಅನ್ನಿಸಿದೆ. ಅಷ್ಟು ಚಪ್ಪಟೆಯಾದ ದೀರ್ಘವೃತ್ತದ ಕಕ್ಷೆಯಲ್ಲಿ ಹೋಗಿ ಹಿಡಿಯುವುದು ಸುಲಭವಲ್ಲ ಎಂಬುದೂ ನಿಜ.

ಎಲ್ಲ ಉಪಗ್ರಹಗಳನ್ನೂ ಉಳಿಸಬೇಕು ಎಂದು ನಾನು ವಾದಿಸುವುದಿಲ್ಲ. ಕೆಳಗಿನ ಕಕ್ಷೆಗಳಲ್ಲಿ ಒಂದೊಂದೂ ಬೇರೆ ಬೇರೆ ಕೋನದಲ್ಲಿ ಸುತ್ತುತ್ತದೆ. ಅಲ್ಲಿ ಕಕ್ಷೆಯನ್ನು ಹತ್ತು ಡಿಗ್ರಿ ತಿರುಗಿಸಲು ಸೆಕೆಂಡಿಗೆ 1.3 ಕಿಲೋಮೀಟರ್‌ನಷ್ಟು ವೇಗ ಬದಲಾವಣೆ ಬೇಕು, ಇಂಧನ ಹೊತ್ತ ನೌಕೆಯ ಇಂಧನವೆಲ್ಲ ದಾರಿಯಲ್ಲೇ ಮುಗಿದೀತು. ಐದು ವರ್ಷಕ್ಕೆಂದೇ ಸಾವಿರಗಟ್ಟಲೆ ಹಾರಿಸುವ ಪುಟ್ಟ ಉಪಗ್ರಹಗಳಿಗೆ ದುರಸ್ತಿಗಿಂತ ಬದಲಿಯೇ ಅಗ್ಗ. ಭೂಸ್ಥಿರ ಕಕ್ಷೆಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿರುವ ಕೆಲಸದ ಉಪಗ್ರಹಗಳೆಲ್ಲ ಬಹುತೇಕ ಒಂದೇ ಸಮತಲದಲ್ಲಿ, ಸಮಭಾಜಕದ ಮೇಲೆ, ಸಾಲಾಗಿ ನಿಂತಿವೆ. ಒಂದು ರೋಬಾಟ್ ಅಲ್ಪ ಖರ್ಚಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಹಾಸನದವರ ಕೈಯಲ್ಲಿರುವ ಉಪಗ್ರಹಗಳು ಇರುವುದೂ ಹೆಚ್ಚಾಗಿ ಅಲ್ಲೇ.

ಕಾನೂನಿನ ಮಾತು ಒಂದಿದೆ. 1967ರ ಬಾಹ್ಯಾಕಾಶ ಒಪ್ಪಂದದ ಎಂಟನೆಯ ವಿಧಿಯ ಪ್ರಕಾರ, ನೋಂದಾಯಿಸಿದ ದೇಶದ ಅಧಿಕಾರ ಆ ವಸ್ತುವಿನ ಮೇಲೆ ಉಳಿಯುತ್ತದೆ. ಸತ್ತ ಉಪಗ್ರಹವನ್ನೂ ಒಡೆಯನ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ. 2022ರ ಜನವರಿಯಲ್ಲಿ ಚೀನಾದ ಶಿಜಿಯಾನ್-21, ತಮ್ಮದೇ ದೇಶದ ಕೆಟ್ಟುನಿಂತ ಬೈದೌ ಉಪಗ್ರಹವನ್ನು ಭೂಸ್ಥಿರ ಕಕ್ಷೆಯಿಂದ ಮೇಲಕ್ಕೆ ಎಳೆದೊಯ್ದಾಗ ಬೇರೆ ದೇಶಗಳು ಮೆಚ್ಚಿಕೊಂಡವು, ಹುಬ್ಬನ್ನೂ ಗಂಟಿಕ್ಕಿದವು. ತನ್ನದನ್ನು ಎಳೆಯಬಲ್ಲ ಕೈ ಪರರದ್ದನ್ನೂ ಎಳೆಯಬಲ್ಲದು. ಯಾರು ಯಾರ ಹತ್ತಿರ ಹೋಗುತ್ತಿದ್ದಾರೆಂದು ಮುಂಚಿತವಾಗಿ ಹೇಳುವ ನಿಯಮವೊಂದು ಬೇಗ ಬರಬೇಕು, ಅದನ್ನು ಬರೆಯುವ ಮೇಜಿನಲ್ಲಿ ನಮ್ಮವರೂ ಕೂತಿರಬೇಕು.

ಬೆಂಗಳೂರಿನಲ್ಲಿ ಉಪಗ್ರಹ ಕಟ್ಟುವವರಿಗೆ, ನಾಳೆ ಅಲ್ಲಿ ಸೇರಲಿರುವ ಈ ಸಭಾಂಗಣದ ಹುಡುಗ ಹುಡುಗಿಯರಿಗೆ ನನ್ನ ಬೇಡಿಕೆ ಚಿಕ್ಕದು. ಮುಂದಿನ ದೊಡ್ಡ ಉಪಗ್ರಹದ ಒಂದು ಮುಖದಲ್ಲಿ, ಬರುವ ರೋಬಾಟಿನ ಕ್ಯಾಮೆರಾಗೆ ದೂರ ಮತ್ತು ಕೋನ ತಿಳಿಯುವಂತೆ ಕಪ್ಪು ಬಿಳುಪಿನ ಗುರುತು ಹಾಕಿ. ಹಿಡಿಯಲು ಗಟ್ಟಿಯಾದ ಒಂದು ಬಳೆ ಕೊಡಿ, ರಾಕೆಟ್ಟಿಗೆ ಕೂರಿಸುವ ಬಳೆ ಹೇಗೂ ಇದ್ದೇ ಇದೆ, ಅದಕ್ಕೆ ಅಡ್ಡವಾಗಿ ಆಂಟೆನಾ ತರಬೇಡಿ. ಇಂಧನದ ವಾಲ್ವನ್ನು ಹೊದಿಕೆಯ ಹೊರಗೆ, ಕೊಳವೆ ಕೂಡುವಂತೆ ತನ್ನಿ. ಇಂಥ ಬಾಯಿಗಳನ್ನು ಅಮೆರಿಕದ ಆರ್ಬಿಟ್ ಫ್ಯಾಬ್ ಮತ್ತು ನಾರ್ಥ್ರಾಪ್ ಗ್ರಮನ್ ಈಗಾಗಲೇ ಮಾಡಿವೆ, ಎರಡರ ಅಳತೆಯೂ ಬೇರೆ ಬೇರೆ. ನಾವು ಒಂದನ್ನು ಒಪ್ಪಿಕೊಳ್ಳಬಹುದು, ನಮ್ಮದೇ ಮಾಡಬಹುದು, ಸ್ಪೇಡೆಕ್ಸ್‌ನ ಜೋಡಣಾ ವ್ಯವಸ್ಥೆಯಲ್ಲೇ ಇಂಧನದ ದಾರಿಯನ್ನು ಸೇರಿಸಲೂಬಹುದು. ತೀರ್ಮಾನ ಮಾತ್ರ ತಡವಾಗಬಾರದು. 2030ರಲ್ಲಿ ಹಾರುವ ಉಪಗ್ರಹದ ಟ್ಯಾಂಕ್ ಬರಿದಾಗುವುದು 2045ರ ಸುಮಾರಿಗೆ, ಅದರ ವಾಲ್ವಿನ ನಕ್ಷೆ ಬರೆಯುವುದು ಈ ಒಂದೆರಡು ವರ್ಷಗಳಲ್ಲಿ.